ಯಾವ ತೂತು ಯಾರದು

ಫೆಬ್ರವರಿ. ಔಲು ಪಟ್ಟಣದಲ್ಲಿ ಮೈನಸ್ ಇಪ್ಪತ್ತಾರು.
ಕಿಟಕಿಯ ಒಳಗಟ್ಟೆಯ ಮೇಲೆ
ಸಾಸಿವೆಗಿಂತ ತುಸು ದೊಡ್ಡದು,
ಬಿಳಿ, ಕಂದು, ಹಳದಿ ಚಿಕ್ಕಿಯ
ದುಂಡನೆ ಹುಳವೊಂದು ಗಾಜಿನತ್ತ ನಡೆದಿತ್ತು.
ವಸಂತ ದಾರಿ ತಪ್ಪಿ ಮೊದಲೇ ಬಂತೆಂದು
ಅಂಗೈಗೆ ಹತ್ತಿಸಿಕೊಂಡೆ.
ಕಾಲು ಮಡಚಿ, ಸತ್ತಂತೆ ನಟಿಸಿತು.
ನನಗೂ ಹೊತ್ತಾಗಿತ್ತು; ಎಂಟನೇ ನಂಬರಿನ ಬಸ್ಸು
ನಾನು ಹತ್ತದೆ ಹೊರಡುವುದಿಲ್ಲ.

ಗೋಡೆಯ ಕಂಬಳಿ ಸರಿಸಿದ್ದು ವಾರ ಕಳೆದ ಮೇಲೆ.
ಲೆಂಪಿ ಅತ್ತೆ ಮೂರು ಚಳಿಗಾಲ ಕೂತು
ಗಂಟು ಗಂಟಾಗಿ ಕಟ್ಟಿದ್ದು,
ಮದುವೆಗೆಂದು ಕೊಟ್ಟಿದ್ದು.
ಮದುವೆ ಹೋಯಿತು, ಕಂಬಳಿ ಉಳಿಯಿತು
ಅಂತ ಡಿಪೋದಲ್ಲೆಲ್ಲ ಹೇಳಿ ನಗಿಸುತ್ತಿದ್ದೆ.
ಹಿಂಬದಿ ನೋಡಿದರೆ
ಕಡುನೀಲಿ ಇದ್ದಲ್ಲೆಲ್ಲ ಬೋಳು.
ಕೆಂಪನ್ನು ಅಷ್ಟಾಗಿ ಮುಟ್ಟಿಲ್ಲ.
ನಾಲಗೆಯಿದೆ ಇವಕ್ಕೆ.

ಬೋಳಿನ ಅಂಚಿಗೆ ಮರಿಗಳು:
ಮೈತುಂಬ ರೋಮ, ಪಟ್ಟೆಪಟ್ಟೆ, ಅಕ್ಕಿನುಚ್ಚಿನಷ್ಟು.
ಕಂಬಳಿಹುಳವೆಂದರೆ ಕಂಬಳಿ ಹೊದ್ದದ್ದು ಅಂದುಕೊಂಡಿದ್ದೆ;
ಇದು ಉಂಡದ್ದು.
ಪಕ್ಕದಲ್ಲೇ ಕಳಚಿಟ್ಟ ಅಂಗಿಗಳು, ಸಣ್ಣವು, ಇನ್ನೂ ಸಣ್ಣವು,
ಬೆಳೆಯುವ ಮಕ್ಕಳಿರುವ ಮನೆಯಲ್ಲಿ ಇರುವಂತೆ.

ಕೆಳಮನೆಯ ತೈಸ್ತೊ ಟಾರ್ಚು ಹಿಡಿದು ಬಂದ.
"ಸುಟ್ಟುಬಿಡು, ಇರ್ಯಾ."
ಅವನದು ಎಲ್ಲಕ್ಕೂ ಅದೇ ಮದ್ದು,
ಅಣ್ಣನ ಪತ್ರಗಳಿಗೂ ಅದನ್ನೇ ಮಾಡಿದ.
ಕೀಟದ ಕಂಪನಿಯ ಹುಡುಗಿ ಫೋನಿನಲ್ಲಿ
ಔಷಧದ ಮಾತೇ ಎತ್ತಲಿಲ್ಲ:
"ಗೋಡೆ ಹತ್ತಿದ್ದು ಆಮೇಲೆ.
ಮೊದಲು ಏನು ತಿಂದು ಬೆಳೆದವೋ, ಅದನ್ನು ಹುಡುಕಿ."

ಹೀಟರಿನ ಹಿಂದೆ ಹುಡುಕಿದೆ. ಸೋಫಾದ ಹೊಟ್ಟೆಯಲ್ಲಿ.
ಹಳೇ ಬೂಟಿನೊಳಗೆ ಕೈ ಹಾಕಿ, ಕಣ್ಣು ಮುಚ್ಚಿ.
ಬೀರುವನ್ನು ಒಬ್ಬಳೇ ಎಳೆದೆ, ಇಂಚಿಂಚು.

ಅಲ್ಲಿತ್ತು.
ಗೋಡೆಯ ಬುಡಕ್ಕೆ ಉದ್ದಕ್ಕೂ ಒರಗಿ
ಗಾಳಿ ನೂತಿಟ್ಟ ನರಿಬಣ್ಣದ ಹುರಿ.
ರೆಪೊನ ಕೂದಲು.

ನಾಯಿ ಹೋಗಿ ಎರಡು ವರ್ಷ, ಮೂರು ತಿಂಗಳು.
ತಟ್ಟೆ ಕೊಟ್ಟೆ, ಹಾಸಿಗೆ ಕೊಟ್ಟೆ,
ಪಟ್ಟಿ ಕೂಡ ಯಾರಿಗೋ ಕೊಟ್ಟೆ.
ಹೊಸವರ್ಷದ ಪಟಾಕಿಗೆ ಹೆದರಿ
ತುರುಕಿಕೊಳ್ಳುತ್ತಿದ್ದ ಈ ಸಂದಿಯೊಂದನ್ನು
ಮರೆತಿದ್ದೆ.
ಮರೆತಿದ್ದೆನೋ, ಗುಡಿಸದೆ ಬಿಟ್ಟಿದ್ದೆನೋ.

ಕಂಬಳಿಯಲ್ಲಿ ಬುತ್ತಿ ಕಟ್ಟಿ ಕೂದಲು ಆರಿಸಬಾರದಂತೆ.
ಇವಕ್ಕೆ ಕೂದಲೇ ಅನ್ನ, ಕಂಬಳಿ ಮೇಲೋಗರ.
ಹಾಗಾದರೆ ಅಂದು ಅಂಗೈಯಲ್ಲಿ ಕಾಲು ಮಡಚಿದ್ದು
ಚೂರು ಅವನೇ ಅಲ್ಲವೆ?
ರೆಪೊಗೆ ಬರುತ್ತಿದ್ದ ಆಟವೂ ಅದೊಂದೇ,
ಬಿಸ್ಕತ್ತಿಗಾಗಿ ಸತ್ತಂತೆ ಮಲಗುವುದು,
ಒಂದು ಕಣ್ಣು ತೆರೆದಿಟ್ಟು.

ವ್ಯಾಕ್ಯೂಮಿನ ಕೊಳವೆ ಇಟ್ಟೆ.
ಸರ್ರೆಂದು ಹೋಯಿತು,
ಒಂದು ಉಸಿರೂ ಹಿಡಿಯಲಿಲ್ಲ ಆ ಹುರಿ.
ಚೀಲಕ್ಕೆ ಎರಡು ಗಂಟು ಬಿಗಿದು
ಅಂಗಳದ ಕಸದ ಡಬ್ಬಿಗೆ ಒಯ್ದೆ,
ಕೈಗವಸು ಮರೆತು.

ಕಂಬಳಿಯನ್ನು ಹಿಮದ ಮೇಲೆ ಬೋರಲು ಹಾಕಿ
ಬೆತ್ತದಲ್ಲಿ ಬಡಿದೆ. ತೋಳು ಸೋಲುವವರೆಗೆ.
ಎತ್ತಿದಾಗ ಬಿಳಿಯ ಮೇಲೆ ಬೂದಿಬಣ್ಣದ ಚೌಕ,
ಯಾರೋ ಬಾಗಿಲೊಂದನ್ನು ನೆಲಕ್ಕೆ ಹಾಸಿದಂತೆ.
ಮೂರು ವಾರ ಬಾಲ್ಕನಿಯ ಮರಗಟ್ಟುವ ಚಳಿಯಲ್ಲಿ,
ಆಮೇಲೆ ಉಳಿದ ಮೊಟ್ಟೆಗಿಟ್ಟೆಗೆಂದು
ಒಂದು ಸಂಜೆ ಸೌನಾದ ಮೇಲಿನ ಬೆಂಚಿನ ಮೇಲೆ ಒಣ ಬಿಸಿಯಲ್ಲಿ.
ನಾನು ಕೆಳಬೆಂಚಿನಲ್ಲಿ ಕೂತು ಬೆವೆತೆ,
ಅತಿಥಿಗೆ ಮಣೆ ಬಿಟ್ಟುಕೊಟ್ಟವಳ ಹಾಗೆ.

ಲೆಂಪಿ ಅತ್ತೆಯ ನೀಲಿ ಈಗ ಯಾವ ಅಂಗಡಿಯಲ್ಲೂ ಇಲ್ಲ.
ಸಿಕ್ಕಿದ್ದು ಬಸ್ಸಿನ ಸೀಟಿನಂಥ ಹಸಿರು.
ಅದರಲ್ಲೇ ಗಂಟು ಹಾಕುತ್ತ ಬಂದೆ, ಮಾರ್ಚಿಡೀ,
ರಾತ್ರಿ ಪಾಳಿ ಮುಗಿಸಿ, ಕನ್ನಡಕ ಜಾರಿಸಿಕೊಂಡು.
"ಕೆರೆಯಲ್ಲಿ ಪಾಚಿ ಎದ್ದ ಹಾಗಿದೆ" ಅಂದ ತೈಸ್ತೊ.
ಇರಲಿ.

ಕೆಳಗಿನ ಎಡಮೂಲೆಗೆ ಬಂದು ಸೂಜಿ ನಿಂತಿತು.
ಈ ತೂತಿನ ಅಂಚು ಹರಿದದ್ದು, ಸವೆದದ್ದಲ್ಲ.
ಮರಿಯಿದ್ದಾಗ, ಹೊಸ ಹಲ್ಲಿನ ನವೆಗೆ,
ಒಂದು ಮಧ್ಯಾಹ್ನ ಜಗಿದದ್ದು.
ಅಂದು ಬೈದಿದ್ದೆ, ಬಾಲ್ಕನಿಗೆ ದೂಡಿ ಬಾಗಿಲು ಹಾಕಿದ್ದೆ.

ದಾರ ಕಡಿದೆ.